ಆಮೆಗೆ ಬದಲು ತಿಮಿಂಗಿಲದ ಹಲ್ಲು

ಜನವರಿ ೧೬, ಗುರುವಾರ. ಕಂದಾವು ದ್ವೀಪ, ಫಿಜಿ.

ಹೊಸ ದೊರೆಯ ಪಟ್ಟದೂಟಕ್ಕೆಂದು ಇಲೈಸಾ ಚಿಕ್ಕಪ್ಪ ಹಿಡಿದ ಹಸಿರಾಮೆ ಹಿತ್ತಲಲ್ಲಿ ಅಂಗಾತ ಬಿದ್ದಿದೆ. ನಾಳೆ ಕೊಯ್ಯುತ್ತಾರೆ. ಈ ವರ್ಷ ನಮ್ಮ ದಂಡೆಗೆ ಮೊಟ್ಟೆಯಿಡಲು ಬಂದದ್ದು ಇದೊಂದೇ.

"ಬಿಟ್ಬಿಡೋಣ ಚಿಕ್ಕಪ್ಪ" ಎಂದೆ.

"ದೊರೆಗೆ ಆಮೆ ತರೋದು ನಮ್ಮ ಮನೆತನದ ಕೆಲಸ ಕಣೋ. ಡಬ್ಬಿ ಮೀನು ಬಡಿಸ್ಲಾ?" ಎಂದು ನಕ್ಕರು.

ಊಟವಾದ ಮೇಲೆ ದಾರಿ ಹೊಳೆಯಿತು. ನಮ್ಮ ಪದ್ಧತಿಯಲ್ಲಿ, ಕಾಣಿಕೆಯಾಗಿ ಕೊಟ್ಟ ತಿಮಿಂಗಿಲದ ಹಲ್ಲನ್ನು ಕೈಗೆ ತೆಗೆದುಕೊಂಡ ಮೇಲೆ, ಕೊಟ್ಟವರು ಕೇಳಿದ್ದನ್ನು ದೊರೆಯೂ ಇಲ್ಲವೆನ್ನುವಂತಿಲ್ಲ. ಅಪ್ಪ ನನ್ನ ಮದುವೆಗೆಂದು ಇಟ್ಟುಹೋದ ಹಲ್ಲೊಂದಿದೆ. ಅದನ್ನು ಕೊಟ್ಟರೆ ಹೆಣ್ಣು ಕೇಳಲು ಲೊಸಾನಾಳ ಮನೆಗೆ ಬರಿಗೈಯಲ್ಲಿ ಹೋಗಬೇಕು. ಅವಳಿಗೂ ಹೇಳಿದೆ.

"ಮೊದಲು ಆಮೆ ಕೇಳ್ಕೊಂಡ್ ಬಾ. ನಾನೇನು ಈಜ್ಕೊಂಡ್ ಹೋಗ್ಬಿಡ್ತೀನಾ?" ಎಂದಳು.

ಬೆಳಗಾದೊಡನೆ ದೊರೆಯ ಚಾಪೆಯ ಮುಂದೆ ಕೂರುತ್ತೇನೆ. ಅವರು ಹಲ್ಲನ್ನು ಕೈಗೆ ತೆಗೆದುಕೊಳ್ಳುವವರೆಗೆ ಏಳುವುದಿಲ್ಲ. ಆಮೆಯ ಮೇಲೆ ಹೊದಿಸಿದ ಗೋಣಿ ಇಷ್ಟರಲ್ಲಿ ಒಣಗಿರಬಹುದು. ಎದ್ದು ಇನ್ನೊಂದು ಕೊಡ ಸಮುದ್ರದ ನೀರು ಸುರಿದು ಬರುತ್ತೇನೆ.