‘ಪರಿಹಾರವಾಗಿದೆ’ ಎಂದು ಮುಚ್ಚಿದ ಇನ್ನೂರ ಹನ್ನೆರಡು ಕಡತಗಳ ಬಗ್ಗೆ

ವಿದ್ಯಾರ್ಥಿ ಸೇವಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಕಳೆದ ಶುಕ್ರವಾರ ತಾವು ಹೊರಡಿಸಿದ ಆದೇಶ ನನ್ನ ಕೈ ಸೇರಿದೆ. ‘ಅನುಮೋದನೆ ಪಡೆಯದ ಸಾಧನವನ್ನು ಬಳಸಿ ಮೌಲ್ಯಮಾಪನ ನಡೆಸಿದ್ದಕ್ಕಾಗಿ’ ನನ್ನಿಂದ ವಿವರಣೆ ಕೇಳಿದ್ದೀರಿ. ಬರುವ ಸೋಮವಾರದಿಂದ, ಏಳು ದಿನಗಳಲ್ಲಿ ವಿದ್ಯಾರ್ಥಿಯಿಂದ ಉತ್ತರ ಬಾರದ ಅರ್ಜಿಗಳನ್ನೆಲ್ಲ ಮೊದಲಿನಂತೆ ‘ಪರಿಹಾರವಾಗಿದೆ’ ಎಂದು ಮುಚ್ಚತಕ್ಕದ್ದು ಎಂದೂ ಅಪ್ಪಣೆ ಕೊಡಿಸಿದ್ದೀರಿ. ಆ ಭಯಂಕರ ಸಾಧನ ಯಾವುದೆಂದು ನಮ್ಮ ದ್ವೀಪರಾಷ್ಟ್ರದ ರಾಜಧಾನಿಯಾದ ಈ ಸುವಾ ನಗರದ ಜನರಿಗೂ ಗೊತ್ತಾಗಲಿ. ಅದು ಎಂಬತ್ತು ಪುಟದ ಒಂದು ನೋಟ್‌ಬುಕ್ಕು. ರಟ್ಟಿನ ಮೇಲೆ ರಗ್ಬಿ ಆಟಗಾರನ ಚಿತ್ರವಿದೆ. ನನ್ನ ವಿವರಣೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಬಹುದಿತ್ತು. ಆದರೆ ನಮ್ಮ ಕಚೇರಿಯಲ್ಲಿ ಮುಚ್ಚಿದ್ದೆಲ್ಲ ಪರಿಹಾರವಾಗಿದೆ ಎಂದೇ ಅರ್ಥವಾದ್ದರಿಂದ, ಪತ್ರಿಕೆಯಲ್ಲಿ ತೆರೆದೇ ಬರೆಯುತ್ತಿದ್ದೇನೆ.

ಮೊದಲಿಗೇ ಹೇಳಿಬಿಡುತ್ತೇನೆ: ನಾನು ಮೌಲ್ಯಮಾಪನದ ವಿರೋಧಿಯಲ್ಲ. ವರ್ಷದ ಆರಂಭದಲ್ಲಿ ತಾವು ನಮ್ಮನ್ನೆಲ್ಲ ಸಮುದ್ರ ತೀರದ ಹೋಟೆಲಿಗೆ ಕರೆದೊಯ್ದು, ಆಕ್ಲೆಂಡ್‌ನಿಂದ ಬಂದ ತಜ್ಞರಿಂದ ‘ಮೌಲ್ಯಮಾಪನ ಸಂಸ್ಕೃತಿ’ ಎಂಬ ವಿಷಯದ ಮೇಲೆ ಎರಡು ದಿನ ಉಪನ್ಯಾಸ ಕೊಡಿಸಿದಿರಲ್ಲ, ಅಲ್ಲಿ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡವಳು ನಾನೊಬ್ಬಳೇ. ಪಕ್ಕದಲ್ಲಿದ್ದ ಎರಡನೇ ಕೌಂಟರಿನ ಅಂಬಿಕಾ ನಂದ್ ಬರೆದುಕೊಳ್ಳಲಿಲ್ಲ. “ವಿಲಿ, ಸಂಸ್ಕೃತಿ ಅನ್ನೋದು ಎರಡು ದಿನದಲ್ಲಿ ಬರುತ್ತಾ? ನನ್ನ ಗಂಡನಿಗೆ ಒದ್ದೆ ಟವೆಲ್ ಹಗ್ಗದ ಮೇಲೆ ಹಾಕೋ ಸಂಸ್ಕೃತಿ ಕಲಿಸೋಕೆ ಹನ್ನೊಂದು ವರ್ಷ ಹಿಡೀತು,” ಎಂದಳು. ತಜ್ಞರು ಮಾತ್ರ ಒಂದು ಒಳ್ಳೆಯ ಮಾತು ಹೇಳಿದ್ದರು. ನಾವು ಎಷ್ಟು ಕೆಲಸ ಮಾಡಿದೆವು ಎಂಬುದಲ್ಲ, ವಿದ್ಯಾರ್ಥಿಗೆ ಅದರಿಂದ ಏನಾಯಿತು ಎಂಬುದನ್ನು ಕೇಳಬೇಕು ಎಂದು. ಈಗ ನನ್ನ ಮೇಲಿರುವ ಆಪಾದನೆಯೆಂದರೆ ಆ ಮಾತನ್ನು ನಾನು ನಂಬಿಬಿಟ್ಟದ್ದು.

ಹೋಟೆಲಿನಿಂದ ಹಿಂತಿರುಗಿದ ಮೇಲೆ ಸಂಸ್ಕೃತಿ ನಮ್ಮಲ್ಲಿಗೆ ಎರಡು ರೂಪದಲ್ಲಿ ಬಂತು. ಒಂದು, ಬಾಗಿಲ ಬಳಿ ನಿಲ್ಲಿಸಿದ ಮುಖಗಳ ಯಂತ್ರ. ಹಸಿರು ಮುಖ ನಗುತ್ತದೆ, ಹಳದಿಯದು ಸುಮ್ಮನಿರುತ್ತದೆ, ಕೆಂಪು ಮುಖ ಸಿಡುಕುತ್ತದೆ. ಹೊರಗೆ ಹೋಗುವವರು ಒಂದನ್ನು ಒತ್ತಬೇಕು. ಹಸಿರು ಒತ್ತಿದರೆ ಟಿಣ್ ಎಂದು ಇಂಪಾದ ಸದ್ದು ಬರುತ್ತದೆಯಾದ್ದರಿಂದ ನಮ್ಮಲ್ಲಿಗೆ ಬರುವ ತಾಯಂದಿರ ಕಂಕುಳಲ್ಲಿರುವ ಕೂಸುಗಳಿಗೆ ಅದೆಂದರೆ ಪ್ರಾಣ. ಒಂದು ಮಂಗಳವಾರ ಒಂದೇ ಮಗು ಇಪ್ಪತ್ತಮೂರು ಸಲ ನಮ್ಮ ಸೇವೆಯಿಂದ ಸಂತೃಪ್ತವಾದದ್ದನ್ನು ನಾನೇ ಎಣಿಸಿದ್ದೇನೆ. ಸಿಟ್ಟಾದವರು ಯಂತ್ರದ ಹತ್ತಿರ ಸುಳಿಯುವುದೇ ಇಲ್ಲ. ಬಸ್ ನಿಲ್ದಾಣಕ್ಕೆ ಹತ್ತಿರವೆಂದು ಹಿಂಬಾಗಿಲಿನಿಂದ ಹೊರಟುಬಿಡುತ್ತಾರೆ. ಇನ್ನೊಂದು, ಏಳು ದಿನದ ನಿಯಮ. ಅರ್ಜಿ ಕೊಟ್ಟವರಿಗೆ ಇಮೇಲ್ ಕಳಿಸಬೇಕು. ಏಳು ದಿನ ಉತ್ತರ ಬಾರದಿದ್ದರೆ ಕಡತ ಮುಚ್ಚಬೇಕು. ಮುಚ್ಚಿದ ಕಡತ ಪರಿಹಾರವಾದ ಕಡತ. ಇವೆರಡನ್ನೂ ಕೂಡಿಸಿ ತಾವು ಮೊದಲ ಸೆಮಿಸ್ಟರಿನ ವರದಿಯ ಮುಖಪುಟದಲ್ಲಿ ಶೇಕಡಾ ತೊಂಬತ್ತನಾಲ್ಕು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದಿರಿ.

ನಾನು ಚೆನ್ನಾಗಿ ಮುಚ್ಚುತ್ತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಮಾರ್ಚ್ ತಿಂಗಳಲ್ಲಿ ಒಂದೇ ದಿನ ಹದಿನಾರು ಕಡತ ಮುಚ್ಚಿ ‘ಉತ್ತಮ ಕೌಂಟರ್’ ಪ್ರಮಾಣಪತ್ರ ಪಡೆದಿದ್ದೇನೆ. ತಾವೇ ಕೈಯಾರೆ ಕೊಟ್ಟಿರಿ. ಕೇಕು ಕೂಡ ಚೆನ್ನಾಗಿತ್ತು.

ಆ ಹದಿನಾರರಲ್ಲಿ ಒಂದು ಕಡತ ತಾಬೆರಾ ಎಂಬ ಹುಡುಗಿಯದು. ರಾಂಬಿ ದ್ವೀಪದವಳು, ಗಣಿತದ ಟೀಚರಾಗಲು ಓದುತ್ತಿದ್ದಳು, ಮೂರನೇ ವರ್ಷ. ವರ್ಷ ತುಂಬಿದ ಮಗನನ್ನು ಎತ್ತಿಕೊಂಡು ಬಂದಿದ್ದಳು. ಅವಳ ಬೇಡಿಕೆ ಇಷ್ಟೇ: ಮಧ್ಯಾಹ್ನ ಮೂರರ ಲ್ಯಾಬ್ ತರಗತಿಯನ್ನು ಬೆಳಗಿನ ತಂಡಕ್ಕೆ ಬದಲಾಯಿಸಿಕೊಡಿ, ಏಕೆಂದರೆ ಮಗುವನ್ನು ನೋಡಿಕೊಳ್ಳುವ ಚಿಕ್ಕಮ್ಮ ಶನಿವಾರ ಮಾರುಕಟ್ಟೆಯಲ್ಲಿ ಹಣ್ಣು ಮಾರಿದರೂ ಉಳಿದ ದಿನ ಮಧ್ಯಾಹ್ನ ಬಟ್ಟೆ ಕಾರ್ಖಾನೆಗೆ ಹೋಗಬೇಕು. ಇದಕ್ಕೆ ನಮ್ಮ ನಮೂನೆ ಮಗುವಿನ ಜನನ ಪ್ರಮಾಣಪತ್ರ ಕೇಳುತ್ತದೆ. ಕಣ್ಣೆದುರಿಗೆ ಕೂತು ನನ್ನ ಪೆನ್ನಿನ ಮುಚ್ಚಳ ಕಡಿಯುತ್ತಿರುವ ಮಗು ಹುಟ್ಟಿದೆ ಎನ್ನುವುದಕ್ಕೆ ಪುರಾವೆ! ಪತ್ರ ರಾಂಬಿಯಲ್ಲಿ ಅವಳ ತಾಯಿಯ ಬಳಿ ಇತ್ತು. ಹಡಗಿನಲ್ಲಿ ತರಿಸುತ್ತೇನೆ ಎಂದಳು. ನಾನು ಮಗುವಿಗೆ ಬಿಸ್ಕತ್ತು ಕೊಟ್ಟೆ, ಅವಳಿಗೆ ಇಮೇಲ್ ಕಳಿಸಿದೆ. ಎಂಟನೆಯ ದಿನ ಪರದೆಯ ಮೇಲೆ ಹಳದಿ ಪಟ್ಟಿ ಮಿನುಗಿತು. ಒತ್ತಿದೆ. ಪರಿಹಾರವಾಯಿತು.

ಮೇ ತಿಂಗಳ ಒಂದು ಶನಿವಾರ ದಾಲೋ ಗೆಡ್ಡೆ ತರಲು ಮಾರುಕಟ್ಟೆಗೆ ಹೋಗಿದ್ದೆ. ನಿಂಬೆಹಣ್ಣಿನ ಗುಡ್ಡೆಗಳ ಹಿಂದೆ ಒಬ್ಬಳು ಹುಡುಗಿ ಅಕ್ಕಪಕ್ಕದ ಅಂಗಡಿಯ ಮಕ್ಕಳನ್ನು ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಒಂದು ಗುಡ್ಡೆಯನ್ನು ಮೂರು ಪಾಲು ಮಾಡಿ, ಅದರಲ್ಲಿ ಎರಡು ತೆಗೆದು, ಉಳಿದದ್ದು ಎಷ್ಟು ಎಂದು ಕೇಳುತ್ತಿದ್ದಳು. ಎಂಥ ಚೆಂದದ ಪಾಠ ಎಂದು ನಿಂತು ನೋಡಿದೆ. ಅವಳು ತಲೆಯೆತ್ತಿದಳು.

“ಬುಲಾ, ಅಕ್ಕಾ! ಮೂರನೇ ಕೌಂಟರ್ ಅಕ್ಕ ಅಲ್ವಾ ನೀವು?”

“ಅಯ್ಯೋ, ತಾಬೆರಾ! ಇವತ್ತು ರಜಾ ಅಂತ ಚಿಕ್ಕಮ್ಮಂಗೆ ಸಹಾಯ ಮಾಡ್ತಿದ್ದೀಯಾ?”

“ನಂಗೆ ದಿನಾ ರಜಾನೇ ಅಕ್ಕಾ. ಕಾಲೇಜು ಬಿಟ್ಟೆ. ಲ್ಯಾಬ್ ಹಾಜರಾತಿ ಸಾಲ್ದು, ಪರೀಕ್ಷೆಗೆ ಕೂರಿಸಲ್ಲ ಅಂದ್ರು.”

“ಬಿಟ್ಯಾ? ನಿನ್ನ ಲ್ಯಾಬಿನ ಸಮಯ ಬದಲಾಯ್ತಲ್ಲ! ನಂಗೆ ಚೆನ್ನಾಗಿ ನೆನಪಿದೆ, ಪರಿಹಾರ ಆಗಿದೆ ಅದು.”

ಅವಳ ಮುಖ ಅರಳಿತು. “ಆಯ್ತಾ? ಯಾವಾಗ ಆಯ್ತಕ್ಕಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ!”

ಮಾನ್ಯರೇ, ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಬಹಳ ಬೈಗುಳ ತಿಂದಿದ್ದೇನೆ, ಯಾವುದೂ ಹೀಗೆ ತಾಗಿರಲಿಲ್ಲ. ಆಗಿಲ್ಲ ಕಣಮ್ಮಾ, ನಾನೇ ಮುಚ್ಚಿದೆ, ಎಂದು ತಡವರಿಸಿದೆ. ಅವಳು ಇಮೇಲ್ ನೋಡಿರಲಿಲ್ಲ. ಅವಳ ಫೋನು ಕೆಟ್ಟಿತ್ತು. ಕಾಲೇಜಿನ ಕಂಪ್ಯೂಟರ್ ಕೋಣೆಗೆ ಕೂಸು ಎತ್ತಿಕೊಂಡು ಬಂದವರನ್ನು ಬಿಡುವುದಿಲ್ಲ. ಹಡಗಿನಲ್ಲಿ ಪತ್ರ ಬಂದಾಗ ಹನ್ನೆರಡು ದಿನ ಕಳೆದಿತ್ತು. ತೆಗೆದಿಟ್ಟಿದ್ದ ಎರಡು ಪಾಲು ನಿಂಬೆಹಣ್ಣನ್ನು ಅವಳು ಮತ್ತೆ ಗುಡ್ಡೆಗೆ ಸೇರಿಸಿದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡತೊಡಗಿದಳು. “ಪರವಾಗಿಲ್ಲ ಬಿಡಿ ಅಕ್ಕಾ. ನೀವು ಒಳ್ಳೆಯೋರು. ಅವತ್ತು ನನ್ನ ಮಗೂಗೆ ಬಿಸ್ಕತ್ತು ಕೊಟ್ರಲ್ಲ, ಅದಕ್ಕೇ ಹೋಗೋವಾಗ ನಾನು ಹಸಿರು ಮುಖ ಒತ್ತಿ ಹೋದೆ.”

ಅಂದರೆ ತಮ್ಮ ತೊಂಬತ್ತನಾಲ್ಕರಲ್ಲಿ ಈ ಹುಡುಗಿ ಎರಡು ಸಲ ಇದ್ದಾಳೆ. ಒಮ್ಮೆ ಸಂತೃಪ್ತಳಾಗಿ, ಇನ್ನೊಮ್ಮೆ ಪರಿಹಾರವಾಗಿ. ಇಲ್ಲದೆ ಹೋದದ್ದು ತರಗತಿಯಲ್ಲಿ ಮಾತ್ರ.

ಅಷ್ಟರಲ್ಲಿ ಚಿಕ್ಕಮ್ಮ ಬಂದರು. ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನಮ್ಮಾ, ಯೂನಿವರ್ಸಿಟಿಯೋರು ತುಂಬ ಓದಿದೋರು, ನಂಗೊಂಚೂರು ಬಿಡಿಸಿ ಹೇಳು. ಈ ಮಾರ್ಕೆಟ್ಟಲ್ಲಿ ವಾರವಾರ ಬರೋ ಗಿರಾಕಿ ಒಂದು ವಾರ ಬರ್ಲಿಲ್ಲ ಅಂದ್ರೆ ನಾವು ಯಾಕೆ ಬರ್ಲಿಲ್ಲ, ಹುಷಾರಿದ್ದಾರಾ ಅಂತ ಅಕ್ಕಪಕ್ಕ ಕೇಳ್ತೀವಿ. ಹಣ್ಣು ಮಾರಾಟ ಆಗೋಯ್ತು ಅಂತ ಬರ್ಕೊಂಡು ಮನೆಗೆ ಹೋಗಲ್ಲ. ನಿಮ್ಮಲ್ಲಿ ಹಂಗೆ ಬರ್ಕೊಳ್ಳೋಕೆ ಬೇರೆ ಡಿಗ್ರಿ ಬೇಕಾಗುತ್ತೇನು?” ಈ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ತಮ್ಮಲ್ಲಿ ಉತ್ತರ ಇದ್ದರೆ, ಶನಿವಾರ ಬೆಳಗ್ಗೆ ಏಳರಿಂದ ಅವರು ಅಲ್ಲೇ ಇರುತ್ತಾರೆ.

ಸೋಮವಾರ ನಾನು ಏಳು ದಿನದ ನಿಯಮದಲ್ಲಿ ಮುಚ್ಚಿದ ಕಡತಗಳ ಪಟ್ಟಿ ತೆಗೆದೆ. ಇನ್ನೂರ ಹನ್ನೆರಡು. ಅಂಬಿಕಾಗೆ ತೋರಿಸಿದೆ. ಹೋಟೆಲಿನಲ್ಲಿ ಒಂದಕ್ಷರವೂ ಬರೆದುಕೊಳ್ಳದ ಅಂಬಿಕಾ ತನ್ನ ಊಟದ ರೊಟ್ಟಿ ಸುರುಳಿಯನ್ನು ಪಕ್ಕಕ್ಕೆ ಸರಿಸಿ, “ನೂರಾ ಆರು ನಂಗೆ, ನೂರಾ ಆರು ನಿಂಗೆ,” ಎಂದಳು. ಮೂರು ವಾರ ಊಟದ ಹೊತ್ತಿನಲ್ಲಿ ನಾವಿಬ್ಬರೂ ನಮ್ಮ ನಮ್ಮ ಫೋನಿನಿಂದ ಕರೆ ಮಾಡಿದೆವು. ಸಿಕ್ಕವರು ನೂರ ಮೂವತ್ತೊಂದು. ಅವರಲ್ಲಿ ಐವತ್ತೆಂಟು ಜನ ತಮ್ಮ ಕೆಲಸ ಬೇರೆ ದಾರಿಯಿಂದ ಆಯಿತೆಂದರು, ಪುಣ್ಯಾತ್ಮರು. ಇಪ್ಪತ್ತಾರು ಮಂದಿ ಏನು ಅರ್ಜಿ ಕೊಟ್ಟಿದ್ದೆವೆಂದೇ ಮರೆತಿದ್ದರು. ಉಳಿದ ನಲವತ್ತೇಳು ಜನ ಒಂದೋ ಓದು ಬಿಟ್ಟಿದ್ದರು, ಇಲ್ಲವೇ ಬಿಡುವ ಅಂಚಿನಲ್ಲಿದ್ದರು. ಲಂಬಾಸಾ ಊರಿನ ಒಬ್ಬ ಹುಡುಗ ಅಂಬಿಕಾಗೆ ಹೇಳಿದ: “ಆಂಟಿ, ನಂದು ಪಾಸ್‌ವರ್ಡ್ ಮರೆತೋಗಿದೆ ಅಂತ ಅರ್ಜಿ ಕೊಟ್ಟಿದ್ದೆ. ಉತ್ತರ ಇಮೇಲ್‌ಗೆ ಹಾಕಿದ್ದೀವಿ, ತೆಗೆದು ನೋಡು ಅಂದ್ರು. ಅದನ್ನ ತೆಗೆಯೋಕೇ ಪಾಸ್‌ವರ್ಡ್ ಬೇಕಲ್ಲಾ ಆಂಟಿ!” ಅಂಬಿಕಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಫೋನಿಟ್ಟ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. ಆ ಹುಡುಗ ಎರಡು ತಿಂಗಳಿಂದ ಸಿಮೆಂಟು ಚೀಲ ಹೊರುತ್ತಿದ್ದ.

ಇವನ್ನೆಲ್ಲ ಬರೆದಿಟ್ಟದ್ದು ಆ ಅನುಮೋದನೆಯಿಲ್ಲದ ನೋಟ್‌ಬುಕ್ಕಿನಲ್ಲಿ. ಹೆಸರು, ಏನು ಕೇಳಿದ್ದರು, ನಾವು ಏನು ಮಾಡಿದೆವು, ಆಮೇಲೆ ಅವರಿಗೆ ಏನಾಯಿತು. ಕೊನೆಯ ಅಂಕಣ ತಮ್ಮ ಅನುಮೋದಿತ ತಂತ್ರಾಂಶದಲ್ಲಿ ಇಲ್ಲ. ಬೇಕಾದರೆ ತೆರೆದು ನೋಡಿ. ನಂತರ ನಾವು ಮಾಡಿದ ಅಪರಾಧಗಳೂ ಹೆಚ್ಚೇನಿಲ್ಲ. ವಿದ್ಯಾರ್ಥಿಯ ಜೊತೆ ಮಾತಾಡದೆ ಕಡತ ಮುಚ್ಚುವುದನ್ನು ನಿಲ್ಲಿಸಿದೆವು. ಬೋಧನಾ ವಿಭಾಗಗಳ ಬಾಗಿಲು ತಟ್ಟಿದೆವು. ಜನನ ಪ್ರಮಾಣಪತ್ರದ ಬದಲು ತಾಯಿಯ ಸಹಿ ಸಾಕೆಂದು ಅವರು ಐದು ನಿಮಿಷದಲ್ಲಿ ಒಪ್ಪಿದರು. ಆ ಪ್ರಮಾಣಪತ್ರ ಬೇಕೆಂದು ಮೊದಲು ಕೇಳಿದ್ದು ಯಾರೆಂದು ಅವರಿಗೂ ಗೊತ್ತಿರಲಿಲ್ಲವಂತೆ! ಜುಲೈಯಲ್ಲಿ ಎರಡನೇ ಸೆಮಿಸ್ಟರ್ ಆರಂಭವಾದಾಗ ನಲವತ್ತೇಳರಲ್ಲಿ ಹತ್ತೊಂಬತ್ತು ಜನ ಹಿಂದಿರುಗಿದರು. ಸಿಮೆಂಟಿನ ಹುಡುಗ ಬಂದ. ತಾಬೆರಾ ಬಂದಳು, ಬೆಳಗಿನ ಲ್ಯಾಬು, ಒಂದು ದಿನವೂ ತಪ್ಪಿಸಿಲ್ಲ.

ಆದರೆ ಮುಚ್ಚದ ಕಡತಗಳು ತೆರೆದೇ ಇದ್ದುದರಿಂದ, ಮುಂದಿನ ವರದಿಯಲ್ಲಿ ತೊಂಬತ್ತನಾಲ್ಕು ಇದ್ದದ್ದು ಅರವತ್ತೊಂದಕ್ಕೆ ಇಳಿಯಿತು. ತಾವು ನಮ್ಮಿಬ್ಬರನ್ನೂ ಕೊಠಡಿಗೆ ಕರೆಸಿದಿರಿ.

“ನೀವು ಅಂಕಿಅಂಶ ಕೆಡಿಸಿದ್ದೀರಿ,” ಎಂದಿರಿ.

“ಕೆಟ್ಟಿಲ್ಲ ಸರ್, ಇಷ್ಟು ದಿನ ಮಲಗಿತ್ತು. ಈಗ ಎದ್ದು ಕೂತಿದೆ ಅಷ್ಟೇ,” ಎಂದಳು ಅಂಬಿಕಾ.

“ಆಡಳಿತ ಮಂಡಳಿಗೆ ನಾನೇನು ಹೇಳಲಿ?”

“ಹತ್ತೊಂಬತ್ತು ಮಕ್ಕಳು ವಾಪಸ್ ಬಂದ್ರು ಅಂತ ಹೇಳಿ ಸರ್.”

“ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲ,” ಎಂದಿರಿ ತಾವು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ತಮ್ಮ ಆಪ್ತ ಸಹಾಯಕಿ ಬರೆದ ಸಭೆಯ ನಡಾವಳಿಯಲ್ಲೇ ಇದೆ.

ತಮ್ಮನ್ನು ಕೆಟ್ಟವರೆಂದು ನಾನು ಬರೆಯಲಾರೆ. ಚಂಡಮಾರುತ ಬಂದ ವರ್ಷ ವಸತಿ ನಿಲಯದ ಹುಡುಗರಿಗೆ ತಾವೇ ನಿಂತು ಗಂಜಿ ಬಡಿಸಿದ್ದನ್ನು ಕಂಡವಳು ನಾನು. ಅವತ್ತು ತಾವು ಯಾವ ಗುಂಡಿ ಒತ್ತಿಸಿಕೊಂಡಿರಿ? ಯಾರು ಉಂಡಿಲ್ಲ, ಯಾರು ಬಂದಿಲ್ಲ ಎಂದು ಕೂಗಿ ಕೂಗಿ ಕೇಳಿದಿರಿ, ಮೂರನೇ ಮಹಡಿಗೆ ಆಳು ಕಳಿಸಿದಿರಿ. ಅದಕ್ಕಿಂತ ಒಳ್ಳೆಯ ಮೌಲ್ಯಮಾಪನವನ್ನು ಆಕ್ಲೆಂಡಿನವರು ಕಲಿಸಬಲ್ಲರೇ? ನಮಗೆ ಯಾವತ್ತೂ ಇದ್ದ ಬುದ್ಧಿಯನ್ನು ಒಂದು ಯಂತ್ರಕ್ಕೆ ಒಪ್ಪಿಸಿ, ಆಮೇಲೆ ಅದು ಟಿಣ್ ಎನ್ನುವುದನ್ನು ಕೇಳುತ್ತಾ ಕೂರುವುದಕ್ಕೆ ಸಂಸ್ಕೃತಿ ಎಂದು ಹೆಸರಿಡುವುದು ನ್ಯಾಯವೇ?

ಆದ್ದರಿಂದ ನನ್ನ ಒತ್ತಾಯ ಇದು. ಸೋಮವಾರದ ಆದೇಶವನ್ನು ಹಿಂತೆಗೆದುಕೊಳ್ಳಿ. ವಿದ್ಯಾರ್ಥಿಯ ಜೊತೆ ಒಬ್ಬ ಮನುಷ್ಯ ಮಾತಾಡದೆ ಯಾವ ಅರ್ಜಿಯನ್ನೂ ಮುಚ್ಚಬಾರದು. ವರದಿಯ ಮೊದಲ ಪುಟದಲ್ಲಿ, ನಮ್ಮ ಬಳಿ ಬಂದು ಆಮೇಲೆ ಓದು ಬಿಟ್ಟವರೆಷ್ಟು ಎಂಬ ಸಂಖ್ಯೆ ಇರಲಿ, ಅದು ಎಷ್ಟೇ ಕಹಿಯಾಗಿರಲಿ. ಈ ಕೆಲಸಕ್ಕೆ ನಮ್ಮ ಊಟದ ಹೊತ್ತಲ್ಲ, ಕಚೇರಿಯ ಹೊತ್ತು ಕೊಡಿ. ಅಂಬಿಕಾಳಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು.

ಇನ್ನೊಂದು. ಆ ಇನ್ನೂರ ಹನ್ನೆರಡರಲ್ಲಿ ಎಂಬತ್ತೊಂದು ಜನ ನಮಗೆ ಸಿಗಲೇ ಇಲ್ಲ. ಈಗ ಅವರ ಮನೆಯವರ ಸಂಖ್ಯೆ ಹುಡುಕುತ್ತಿದ್ದೇವೆ. ಅದರಲ್ಲಿ ಐದು ಕರೆಗಳನ್ನು ತಾವೇ ಮಾಡಬೇಕು. ಮೊದಲನೆಯದು ತವೆಯೂನಿ ದ್ವೀಪದ ಒಬ್ಬ ರೈತರದ್ದು. ಸಂಜೆ ಐದರ ಮೇಲೆ ಮಾಡಿ, ಅಷ್ಟೊತ್ತಿಗೆ ತೋಟದಿಂದ ಬಂದಿರುತ್ತಾರೆ. ಸ್ವಲ್ಪ ಜೋರಾಗಿ ಮಾತಾಡಿ. ವಿಶ್ವವಿದ್ಯಾಲಯದಿಂದ ಎಂದೊಡನೆ ಅವರು ಗಾಬರಿಯಾಗುತ್ತಾರೆ. ಮೊನ್ನೆ ನಾನು ಮಾಡಿದಾಗ, “ನನ್ನ ಮಗಳು ಏನು ತಪ್ಪು ಮಾಡಿದ್ಲು ತಾಯಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಅವರು ಇನ್ನೂ ಅದೇ ಪ್ರಶ್ನೆ ಹಿಡಿದುಕೊಂಡು ಕೂತಿರುತ್ತಾರೆ. ಅವಳದೇನೂ ತಪ್ಪಿಲ್ಲ, ತಪ್ಪು ನಮ್ಮದು ಎಂದು ತಾವು ಹೇಳಬೇಕು. ಮೊದಲೇ ಒಂದೆರಡು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಮೊದಲ ಸಲಕ್ಕೆ ಅದು ಯಾರ ಬಾಯಿಂದಲೂ ಸಲೀಸಾಗಿ ಬರುವುದಿಲ್ಲ.

ಇಂತಿ,
ಮುಂದಿನ ನೋಟಿಸಿಗೆ ಮೇಜಿನ ಮೇಲೆ ಈಗಲೇ ಜಾಗ ಮಾಡಿಟ್ಟಿರುವ,
ವಿಲಿಮೈನಾ ರಾವುಲಾ
ಮೂರನೇ ಕೌಂಟರ್ (ಸದ್ಯಕ್ಕೆ)