ಅತ್ತೆಯ ಕುರುತ್ ಮತ್ತು ಪುಕ್ಕಟೆ ಸಾಫ್ಟ್‌ವೇರ್

ನರಿನ್ ಪಟ್ಟಣ, ಕಿರ್ಗಿಜ್ ನಾಡು, ನವೆಂಬರ್ ೧೪, ಗುರುವಾರ

ಅತ್ತೆ ಇನ್ನೂ ಮಲಗಿಲ್ಲ. ಸಾಫ್ಟ್‌ವೇರ್ ಮಾಡಿದವರಿಗೆ ಕೊಟ್ಟಿದ್ದು ಸಾಕೋ ಇಲ್ಲವೋ ಅನ್ನೋ ಚಿಂತೆ.

ಅತ್ತೆ ತಮ್ಮ ಉಣ್ಣೆ ಜಮಖಾನೆಗಳ ಚಿತ್ತಾರ ಬರೆಯಲು ಬಳಸುತ್ತಿದ್ದ ಕದ್ದ ಸಾಫ್ಟ್‌ವೇರ್ ಮೊನ್ನೆ ಕೈಕೊಟ್ಟಿತ್ತು. ಇವತ್ತು ಪುಕ್ಕಟೆ ಸಿಗುವ ಒಂದನ್ನು ಹಾಕಿಕೊಟ್ಟೆ. ಅತ್ತೆ ಟಗರಿನ ಕೊಂಬಿನ ಚಿತ್ತಾರ ಬರೆದರು, ಕೆಡಿಸಿದರು, ಒಂದು ಗುಂಡಿ ಒತ್ತಿ ತಪ್ಪನ್ನು ವಾಪಸ್ ತಗೊಂಡರು.

"ಕತ್ತರಿಸಿದ ಉಣ್ಣೆಗೆ ಈ ಸೌಕರ್ಯ ಇಲ್ಲ ನೋಡು. ನಿನ್ನನ್ನ ಸೊಸೆ ಮಾಡ್ಕೊಂಡಾಗ್ಲೂ ಇರ್ಲಿಲ್ಲ."

ಆಮೇಲೆ, ಇದಕ್ಕೆ ಎಷ್ಟು ಕೊಟ್ಟೆ ಅಂದರು.

"ಪುಕ್ಕಟೆ ಅತ್ತೆ. ಎಲ್ಲೆಲ್ಲಿಯೋ ಇರೋ ಜನ ಸೇರಿ ಮಾಡಿ, ಎಲ್ಲರಿಗೂ ಹಂಚ್ತಾರೆ."

ಅತ್ತೆಯ ಮುಖ ಕೆಂಪಾಯಿತು. "ಊಟ ಕಳಿಸಿದೋರ ಬಟ್ಟಲನ್ನ ಖಾಲಿ ವಾಪಸ್ ಕೊಡೋ ಮನೆಯೇನೇ ಇದು?"

ಒಂದು ಚೀಲ ಕುರುತ್ ತಂದಿಟ್ಟು, ವಿಳಾಸ ಬರಿ ಅಂದರು. ಕಲ್ಲಿನಂಥ ಉಪ್ಪು ಮೊಸರುಂಡೆ. ಪರದೇಶದವರು ಬಿಚ್ಚಿ ನೋಡಿ ಪೊಲೀಸರನ್ನೇ ಕರೆದಾರು!

"ಇದು ಬೇಡ ಅತ್ತೆ. ದುಡ್ಡು ಕೊಡಬಹುದು, ಇಲ್ಲಾಂದ್ರೆ ಅದರಲ್ಲಿರೋ ಪದಗಳನ್ನ ಕಿರ್ಗಿಜ್ ಭಾಷೆಗೆ ಅನುವಾದ ಮಾಡ್ಕೊಡಬಹುದು."

"ಹಾಗಾದ್ರೆ ನೀನೇ ಮಾಡು. ಬೆಳಗಿಂದ ಮುಚ್ಚದ ಬಾಯಿ, ನಾಲ್ಕು ಜನಕ್ಕಾದ್ರೂ ಉಪಯೋಗ ಆಗ್ಲಿ."

ಕೂತೆ. ಬೆನ್ನ ಹಿಂದೆಯೇ ನಿಂತು ಒಂದೊಂದು ಪದಕ್ಕೂ ತಕರಾರು ತೆಗೆದರು. ನನ್ನ ಕಿರ್ಗಿಜ್ ಭಾಷೆ ನನ್ನ ಅಡುಗೆಗಿಂತ ಸಪ್ಪೆಯಂತೆ. ತಪ್ಪು ವಾಪಸ್ ತಗೊಳ್ಳೋ ಗುಂಡಿಗೆ ಏನು ಹೆಸರಿಡಲಿ ಅಂದೆ. ಆ ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿದರು.

"'ಕ್ಷಮಿಸು' ಅಂತ ಇಡು."

ಅವರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಇದೇ ಮೊದಲು. ಸಾಫ್ಟ್‌ವೇರಿನವರು ಒಪ್ಪಲಿಕ್ಕಿಲ್ಲ. ಆದರೂ ನಾನಂತೂ ಅಳಿಸೋದಿಲ್ಲ.