ಹತ್ತು ದಿನದ ಚೀಟಿ

೩-೬-೨೦೨೪, ಸಿಂದಗಿ

ಬಿ.ಪಿ. ಗುಳಿಗೆ ತರಲು ಸಿದ್ದಲಿಂಗನ ಮೆಡಿಕಲ್‌ಗೆ ಹೋಗಿದ್ದೆ. ನನ್ನ ಮುಂದೆ ಪಕ್ಕದ ಮನೆಯ ಜೈತುನಬಿ. ಕೈಯಲ್ಲಿ ಚೀಟಿಯ ಝೆರಾಕ್ಸ್‌ನ ಝೆರಾಕ್ಸ್ — ರೋಗಿಯ ಹೆಸರು ಅಳಿಸಿಹೋಗಿದೆ, ಡಾಕ್ಟರ ಹೆಸರು ಉಳಿದಿದೆ. ನಿದ್ದೆ ಗುಳಿಗೆ, ಹತ್ತು ದಿನಕ್ಕೆ. ಆ ಡಾಕ್ಟರು ತೀರಿ ಐದು ವರ್ಷ. ಅವರನ್ನು ಮಣ್ಣು ಮಾಡುವಾಗ ಮುದ್ದೇಬಿಹಾಳಕ್ಕೆ ಹೋಗಿಬಂದವನು ನಾನು.

ಸಿದ್ದಲಿಂಗ ಎರಡು ಸ್ಟ್ರಿಪ್ ಕೊಟ್ಟ. ನನ್ನ ಹಳೇ ವಿದ್ಯಾರ್ಥಿ.

"ಸತ್ತವರು ಇನ್ನೂ ಚೀಟಿ ಬರೀತಾರೇನೋ?"

"ಅವರ ಕೈಗುಣ ಛಲೋ ಐತ್ರಿ ಸರ್ರ." ನಕ್ಕ.

೫-೬

ವಿಜಯಪುರದ ಔಷಧ ಅಧಿಕಾರಿಗೆ ಸಿದ್ದಲಿಂಗನ ಅಂಗಡಿಯ ಮೇಲೆ ಅರ್ಜಿ ಬರೆದೆ. ಮೂರು ಪುಟ. ಹೆಂಡಕ್ಕೆ ನಿದ್ದೆಪುಡಿ ಬೆರೆಸಿ ಜನರನ್ನು ಕೆಡವಿದ ಕಾಲ ನನಗಿನ್ನೂ ನೆನಪಿದೆ. ಆಗಲೂ ಎಲ್ಲರದೂ ಇದೇ ಮಾತು — ನಿದ್ದೆ ಚೆನ್ನಾಗಿ ಬರುತ್ತದೆ. ಹೆಂಡತಿಗೆ ಓದಿ ಹೇಳಿದೆ.

"ಊರ ಉಸಾಬರಿ ಯಾಕ ಬೇಕ್ರಿ ನಿಮಗ?" ಎಂದಳು ರಾಜೇಶ್ವರಿ.

೨೦-೬

ನಿನ್ನೆ ಇನ್ಸ್‌ಪೆಕ್ಟರ್ ಬಂದಿದ್ದರು. ಸಿದ್ದಲಿಂಗನ ಅಂಗಡಿಗೆ ಬೀಗ. ಮೆಚ್ಚಿ ಇಬ್ಬರು ಫೋನ್ ಮಾಡಿದರು.

೨೩-೬

ರಾಜೇಶ್ವರಿಗೆ ಮೂರು ದಿನದಿಂದ ನಿದ್ದೆಯಿಲ್ಲ. ಬೆವರು. ಕೈ ನಡುಕ, ಚಹಾದ ಕಪ್ಪು ಜಾರಿತು. ಸೆಕೆ ಇರಬೇಕು... ಮಜ್ಜಿಗೆ ಕೊಟ್ಟೆ.

೨೭-೬, ವಿಜಯಪುರ, ಆಸ್ಪತ್ರೆ

ಸೋಮವಾರ ಅಡುಗೆಮನೆಯಲ್ಲಿ ಬಿದ್ದಳು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಜೈತುನಬಿ ಓಡಿಬಂದಳು.

"ಗುಳಿಗಿ ನಿಂತಾವಲ್ರಿ, ಅದಕ್ಕ."

"ಯಾವ ಗುಳಿಗಿ?"

"ಆ ಚೀಟಿ ಅಕ್ಕಾರ್ದ ಐತ್ರಿ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು. ನಾ ತಂದ್ ಕೊಡ್ತಿದ್ದೆ."

ರಾಜೇಶ್ವರಿಯ ತಂಗಿ ಸತ್ತಾಗ ಬರೆಸಿದ್ದು. ಹತ್ತು ದಿನಕ್ಕೆ. ಎಂಟು ವರ್ಷವಾಯಿತು. ಮಧ್ಯಾಹ್ನದ ಮಂಪರನ್ನು ನಾನು ವಯಸ್ಸು ಎಂದುಕೊಂಡಿದ್ದೆ.

ಡಾಕ್ಟರಮ್ಮ ಬೈದರು. "ಒಮ್ಮಿಗಿಲೆ ನಿಲ್ಲಿಸಿದ್ರ ಜೀವಾನ ಹೋಗ್ತೈತ್ರಿ. ದಿನಕ್ಕ ಎರಡು ನುಂಗಾವ್ರು. ಇನ್ನ ಎರಡು ವಾರ ಒಂದೂವರಿ ಕೊಡ್ರಿ. ತಪ್ಪಬಾರದು, ಹೆಚ್ಚೂ ಆಗಬಾರದು."

ಹಾಸಿಗೆಯಿಂದ ರಾಜೇಶ್ವರಿ: "ಅರ್ಜಿ ಛಲೋ ಬರದಿದ್ರಿ."

೨-೭

ಆಸ್ಪತ್ರೆಯವರು ಕೊಟ್ಟಿದ್ದು ನಾಳೆ ಬೆಳಗ್ಗೆಗೆ ಮುಗಿಯುತ್ತದೆ. ಅಲ್ಲಿಗೆ ಫೋನ್ ಮಾಡಿದೆ — ಮಾಲು ಸೋಮವಾರ ಬರುವುದಂತೆ. ಸಿಂದಗಿಯಲ್ಲಿ ಆರು ಅಂಗಡಿ ಸುತ್ತಿದೆ. ಆಮೇಲೆ ಬಸ್ಸು ಹಿಡಿದು ದೇವರ ಹಿಪ್ಪರಗಿ. ಇಂಡಿ. ಬಾಗೇವಾಡಿ. ಬದುಕಿರುವ ಡಾಕ್ಟರ ಚೀಟಿ, ಸಹಿ, ಶಿಕ್ಕಾ ಎಲ್ಲ ಇದೆ. ಒಂದೇ ಮಾತು: ಸ್ಟಾಕ್ ಇಲ್ರಿ.

ಬಾಗೇವಾಡಿಯವನು ಬಿಡಿಸಿ ಹೇಳಿದ. "ಸಿಂದಗ್ಯಾಗ ಯಾರೋ ಮಾಸ್ತರ ಕಂಪ್ಲೇಂಟ್ ಕೊಟ್ಟಾನ್ರಿ. ನಾವು ಇಡೂದ ಬಿಟ್ಟೇವಿ. ಆ ಪುಣ್ಯಾತ್ಮನ್ನ ಕೇಳ್ರಿ."

ಕೈಮುಗಿದು ಬಂದೆ.

೩-೭

ಸಿದ್ದಲಿಂಗನ ಮನೆಗೆ ಹೋದೆ. ಚೀಟಿ ಚಾಚಿದೆ. ನೋಡಲಿಲ್ಲ. ಒಳಗಿಂದ ಒಂದು ಸ್ಟ್ರಿಪ್ ತಂದ.

"ಅಕ್ಕಾರ ಸಲುವಾಗಿ ಕೊಡಾಕತ್ತೇನ್ರಿ. ನಿಮ್ಮ ಸಲುವಾಗಿ ಅಲ್ಲ."

ಬಿಲ್ಲು ಕೇಳಲಿಲ್ಲ ನಾನು.

೩-೭, ಸಂಜೆ ೬

ಬೆಳಗ್ಗೆ ಒಂದು ಆಗಿದೆ, ಸಂಜೆಯ ಪಾಲು ಅರ್ಧ. ಚಾಕುವಿನಿಂದ ಮುರಿದು ಕೊಟ್ಟೆ. ನುಂಗಿದಳು.

"ಉಳಿದದ್ದೂ ಕೊಡ್ರಿ."

ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ.

"ಮೈಯಾಗ ಇರಿವಿ ಹರದಂಗ ಆಗ್ತೈತ್ರಿ. ಇವತ್ತೊಂದ ದಿನ."

ಎಂಟು ವರ್ಷದಲ್ಲಿ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಕೊಡಬಾರದು. ಗೊತ್ತು. ತುಂಡು ಎಡಗೈ ಮುಷ್ಟಿಯಲ್ಲಿದೆ, ಬಲಗೈಯಿಂದ ಬರೆಯುತ್ತಿದ್ದೇನೆ. ಪಕ್ಕ ಬಂದು ಕೂತಿದ್ದಾಳೆ. ಜಗಳವಿಲ್ಲ, ಅಳುವಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ... ಕಿರುಬೆರಳು, ಉಂಗುರದ ಬೆರಳು —